ಮಕ್ಕಳನ್ನು ಎಣಿಸುವ ಕೆಲಸ

ಶಾಲೆಯಲ್ಲಿ ನಾನು ಪಾಠ ಮಾಡುವುದಿಲ್ಲ. ಒಮಾನಿನಲ್ಲಿ, ಮಸ್ಕತ್ತಿನ ಹತ್ತಿರದ ಅಲ್ ಅಮೇರಾತಿನ ಒಂದು ಇಂಗ್ಲಿಷ್ ಪ್ರೈಮರಿ ಶಾಲೆಯ ಆಫೀಸಿನಲ್ಲಿ ಕೂತು ಮಕ್ಕಳ ಅಂಕಿ ಅಂಶ ನೋಡಿಕೊಳ್ಳುವುದು ನನ್ನ ಕೆಲಸ. ಯಾರು ಬಂದರು, ಯಾರು ಬರಲಿಲ್ಲ, ಯಾರ ಓದು ಎಲ್ಲಿಗೆ ಬಂತು, ಯಾರ ಎತ್ತರ ಎಷ್ಟು, ಯಾರ ಮನೆಯಲ್ಲಿ ಯಾವ ಭಾಷೆ, ಎಲ್ಲವನ್ನೂ ಕಂಪ್ಯೂಟರಿಗೆ ಹಾಕಿ, ಟರ್ಮ್ ಮುಗಿಯುವಾಗ ಗ್ರಾಫ್ ಮಾಡಿ ಹೆಡ್ ಮೇಡಂ ಕೈಗೆ ಕೊಡಬೇಕು. ರಜೆಯಲ್ಲಿ ಪುತ್ತೂರಿಗೆ ಹೋದಾಗ ನನ್ನ ದೊಡ್ಡಮ್ಮ, "ದಿನಾ ಲೆಕ್ಕ ಬರೆದು ಬರೆದು ಬೇಜಾರಾಗುದಿಲ್ವಾ ನಿಂಗೆ?" ಅಂತ ಕೇಳುತ್ತಾರೆ. ಬೇಜಾರಾಗಲು ಪುರುಸೊತ್ತು ಸಿಗಬೇಕಲ್ಲ. ಅಂಕಿಗಳ ಹಿಂದೆ ಮಕ್ಕಳಿರುತ್ತಾರೆ, ಮಕ್ಕಳ ಹಿಂದೆ ಅಪ್ಪ ಅಮ್ಮಂದಿರು ಇರುತ್ತಾರೆ. ಹಾಗಾಗಿ ನನ್ನ ಮೇಜಿನ ಮುಂದೆ ವಾರಕ್ಕೊಮ್ಮೆಯಾದರೂ ಏನಾದರೊಂದು ನಡೆದೇ ನಡೆಯುತ್ತದೆ.

ಮನೆಮಾತು

ಮಗುವನ್ನು ಸೇರಿಸುವಾಗ ಅದರ ಮನೆಮಾತು ಯಾವುದು ಎಂದು ನಾವು ಬರೆದುಕೊಳ್ಳಬೇಕು. ಇಂಗ್ಲಿಷ್ ಬಾರದ ಮಕ್ಕಳಿಗೆ ಬೇರೆಯಾಗಿ ಹೇಳಿಕೊಡಲು ಆ ಲೆಕ್ಕ ಬೇಕಾಗುತ್ತದೆ. ಕಂಪ್ಯೂಟರಿನಲ್ಲಿ ಅದಕ್ಕೆ ಒಂದೇ ಜಾಗ ಇರುವುದು, ಒಂದೇ ಭಾಷೆ ಬರೆಯಬಹುದು.

ಮಸ್ಕತ್ತಿನ ರೂವಿಯಲ್ಲಿ ಬಟ್ಟೆ ಅಂಗಡಿ ಇಟ್ಟುಕೊಂಡಿರುವ, ಉಳ್ಳಾಲ ಕಡೆಯ ಬ್ಯಾರಿ ದಂಪತಿ ಮಗನನ್ನು ಸೇರಿಸಲು ಬಂದರು. ನಾನು ಕನ್ನಡದಲ್ಲಿ ಮಾತಾಡಿದ್ದು ಕೇಳಿ ಇಬ್ಬರಿಗೂ ಸಮಾಧಾನವಾಯಿತು. ಕುರ್ಚಿ ಹತ್ತಿರ ಎಳೆದುಕೊಂಡು ಕೂತರು.

"ಮನೆಯಲ್ಲಿ ಯಾವ ಭಾಷೆ?" ಅಂತ ಕೇಳಿದೆ.

"ಬ್ಯಾರಿ ಅಂತ ಬರೀರಿ ಮೇಡಂ," ಅಂದರು ಗಂಡ.

"ಬ್ಯಾರಿ ನಾವಿಬ್ಬರು ಮಾತಾಡುದಲ್ವಾ," ಅಂದರು ಹೆಂಡತಿ. "ಮಗನ ಹತ್ರ ನಾನು ಕನ್ನಡವೇ ಮಾತಾಡುದು. ನನ್ನ ಉಮ್ಮ ಕಾಸರಗೋಡಿನವರು, ಫೋನಿನಲ್ಲಿ ಅವನ ಹತ್ರ ಮಲಯಾಳ. ಪಕ್ಕದ ಮನೆ ಮಕ್ಕಳ ಜೊತೆ ಹಿಂದಿ."

"ಅಂಗಡಿಗೆ ಬಂದರೆ ಅರಬಿ ಕೂಡ ಉಂಟು," ಅಂತ ಗಂಡ ಸೇರಿಸಿದರು. "ಯಲ್ಲಾ, ಖಲಾಸ್, ಎಲ್ಲ ಹೇಳ್ತಾನೆ."

"ಎಲ್ಲ ಬರೆಯಲು ಜಾಗ ಇಲ್ಲ. ಮಗು ಹೆಚ್ಚು ಮಾತಾಡುವುದು ಯಾವುದು, ಅಷ್ಟು ಹೇಳಿ."

ಅದರ ಮೇಲೆ ಗಂಡ ಹೆಂಡಿರಿಗೆ ಚರ್ಚೆ ಶುರುವಾಯಿತು. ಸ್ವಲ್ಪ ಹೊತ್ತು ಬ್ಯಾರಿಯಲ್ಲಿ, ಆಮೇಲೆ ನನಗೂ ತಿಳಿಯಲಿ ಅಂತ ಕನ್ನಡದಲ್ಲಿ. ಹೊರಗೆ ಇನ್ನೂ ನಾಲ್ಕೈದು ಮನೆಯವರು ಕಾಯುತ್ತಿದ್ದರು. ನಾನು ಹುಡುಗನನ್ನೇ ಕೇಳಿದೆ. ಐದು ವರ್ಷದವನು, ಅಷ್ಟು ಹೊತ್ತು ತುಟಿ ಬಿಚ್ಚದೆ ಕೂತಿದ್ದ.

"ನೀನು ಮನೆಯಲ್ಲಿ ಯಾವ ಭಾಷೆ ಮಾತಾಡುವುದು ಪುಟ್ಟಾ?"

ಅವನು ಅಪ್ಪನನ್ನು ನೋಡಿದ, ಅಮ್ಮನನ್ನು ನೋಡಿದ, ಆಮೇಲೆ ಸ್ಪಷ್ಟವಾದ ಇಂಗ್ಲಿಷಿನಲ್ಲಿ ಹೇಳಿದ: "ಮನೆಯಲ್ಲಿ ಇವರಿಬ್ಬರೇ ಮಾತಾಡುವುದು ಮಿಸ್. ನನಗೆ ಚಾನ್ಸ್ ಸಿಗುವುದಿಲ್ಲ."

ಎಕ್ಸೀಡಿಂಗ್

ನಮ್ಮ ರಿಪೋರ್ಟಿನಲ್ಲಿ ಅಂಕ ಕೊಡುವುದಿಲ್ಲ. ವಯಸ್ಸಿಗೆ ತಕ್ಕಷ್ಟು ಕಲಿತ ಮಗುವಿಗೆ 'ಎಕ್ಸ್‌ಪೆಕ್ಟೆಡ್' ಅಂತ ಬರುತ್ತದೆ. ಅದನ್ನೂ ದಾಟಿ ಮುಂದೆ ಹೋದ ಮಗುವಿಗೆ 'ಎಕ್ಸೀಡಿಂಗ್' ಅಂತ ಬರುತ್ತದೆ. ಹಾಗೆ ಬರುವುದು ಕೆಲವೇ ಮಕ್ಕಳಿಗೆ.

ಒಂದು ಭಾನುವಾರ ಬೆಳಿಗ್ಗೆ, ವಾರ ಶುರುವಾಗುವ ಹೊತ್ತಿಗೇ, ಒಬ್ಬ ತಂದೆ ಬಂದು ನನ್ನ ಎದುರು ನಿಂತರು. ಮಸ್ಕತ್ತಿನಿಂದ ಇಬ್ರಿ ಊರಿಗೆ ದಿನಾ ಸಾಮಾನಿನ ವ್ಯಾನ್ ಓಡಿಸುವವರು, ಬಂಟ್ವಾಳ ಕಡೆಯವರು. ಜೊತೆಯಲ್ಲಿ ಮೂರನೇ ಕ್ಲಾಸಿನ ಮಗ. ಹುಡುಗ ಅತ್ತು ಮುಖ ತೊಳೆದುಕೊಂಡು ಬಂದ ಹಾಗಿತ್ತು.

"ಮೇಡಂ, ಇವನದ್ದು ಎಂತ ಕಥೆ ಅಂತ ಸ್ವಲ್ಪ ನೋಡಿ," ಅಂದರು. "ನಾನು ವಾರವಿಡೀ ರಸ್ತೆಯಲ್ಲಿ ಇರುವವ. ಮನೆಯಲ್ಲಿ ಅಮ್ಮನ ಮಾತು ಇವನು ಕೇಳುದಿಲ್ಲ ಅಂತ ಕಾಣ್ತದೆ."

ನಾನು ಕಂಪ್ಯೂಟರಿನಲ್ಲಿ ಹೆಸರು ಹುಡುಕಿದೆ. ಹುಡುಗನ ಮೇಲೆ ಒಂದು ದೂರೂ ಇರಲಿಲ್ಲ. "ಏನಾಯಿತು?" ಅಂದೆ.

"ಎಂತ ಆಯ್ತು ಅಂದರೆ, ರಿಪೋರ್ಟ್ ನೀವೇ ಕಳಿಸಿದ್ದಲ್ವಾ. ಇಂಗ್ಲಿಷ್‌ನಲ್ಲಿ ಎಕ್ಸೀಡಿಂಗ್. ಲೆಕ್ಕದಲ್ಲಿ ಎಕ್ಸೀಡಿಂಗ್. ಸೈನ್ಸಿನಲ್ಲೂ ಎಕ್ಸೀಡಿಂಗ್. ಒಂದು ಸಲ ಆದರೆ ಹೋಗಲಿ ಅನ್ನಬಹುದು. ಮೂರು ಕಡೆ ಸಿಕ್ಕಿಬಿದ್ದಿದ್ದಾನೆ."

ಇಬ್ರಿ ರಸ್ತೆಯಲ್ಲಿ ರಾಡಾರ್ ಕ್ಯಾಮೆರಾಗಳಿವೆ. ವೇಗ ಮಿತಿ ಮೀರಿದರೆ ಫೋನಿಗೆ ಮೆಸೇಜು ಬರುತ್ತದೆ. ಆ ಮನುಷ್ಯ ಜೀವನದಲ್ಲಿ ಎಕ್ಸೀಡಿಂಗ್ ಅನ್ನುವ ಪದವನ್ನು ಓದಿದ್ದು ಆ ಮೆಸೇಜಿನಲ್ಲಿ ಮಾತ್ರ ಅಂತ ನನಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು.

ನಾನು ನಗು ತಡೆದುಕೊಂಡು ವಿವರಿಸಿದೆ. "ಹಾಗಲ್ಲ. ಶಾಲೆಯಲ್ಲಿ ಎಕ್ಸೀಡಿಂಗ್ ಅಂದರೆ ಬಹಳ ಒಳ್ಳೆಯದು. ನಿಮ್ಮ ಹುಡುಗ ಅವನ ವಯಸ್ಸಿನವರಿಗಿಂತ ಮುಂದೆ ಇದ್ದಾನೆ. ಇಡೀ ಕ್ಲಾಸಿನಲ್ಲಿ ಮೂರು ವಿಷಯದಲ್ಲಿ ಹಾಗೆ ಬಂದವನು ಇವನೊಬ್ಬನೇ."

ಅವರು ಮಗನ ಕಡೆ ತಿರುಗಿದರು. ಹುಡುಗ, "ನಾನು ಹೇಳಿದ್ದೆ ಅಪ್ಪಾ," ಅಂದ. ಅವರು ಅವನ ತಲೆ ಮೇಲೆ ಕೈ ಇಟ್ಟರು.

ಬಾಗಿಲ ತನಕ ಹೋದವರು ಏನೋ ಹೊಳೆದ ಹಾಗೆ ವಾಪಸ್ ಬಂದರು.

"ಮೇಡಂ, ಹಾಗಾದರೆ ಇವನ ಅಕ್ಕನಿಗೆ ಎಲ್ಲದರಲ್ಲೂ ಎಕ್ಸ್‌ಪೆಕ್ಟೆಡ್ ಅಂತ ಉಂಟಲ್ಲ?"

"ಅದೂ ಒಳ್ಳೆಯದೇ. ಸರಿಯಾಗಿ ಇದ್ದಾಳೆ ಅಂತ ಅರ್ಥ. ಯಾಕೆ?"

"ಎಂತ ಇಲ್ಲ. ಲಿಮಿಟಿನ ಒಳಗೇ ಹೋಗ್ತಿದ್ದಾಳೆ ಅಂತ ಮೊನ್ನೆ ಶುಕ್ರವಾರ ಅವಳಿಗೆ ಸೈಕಲ್ ತೆಗೆದುಕೊಟ್ಟೆ."

ಕುಗ್ಗಿದ ಮಕ್ಕಳು

ಬೇಸಿಗೆ ರಜೆ ಮುಗಿದು ಶಾಲೆ ಶುರುವಾದ ಮೊದಲ ವಾರ ನಮ್ಮ ನರ್ಸ್ ಎಲ್ಲ ಮಕ್ಕಳ ಎತ್ತರ ಅಳೆಯುತ್ತಾರೆ. ಫಿಲಿಪ್ಪೀನ್ಸಿನವರು, ಕೆಲಸದಲ್ಲಿ ಬಹಳ ಅಚ್ಚುಕಟ್ಟು. ಅವರ ಕೋಣೆಯ ಗೋಡೆಗೆ ಜಿರಾಫೆಯ ಚಿತ್ರ ಇರುವ ಅಳತೆಪಟ್ಟಿ ಅಂಟಿಸಿದೆ. ಅವರು ಅಳೆದು ಕೊಟ್ಟದ್ದನ್ನು ನಾನು ಕಂಪ್ಯೂಟರಿಗೆ ಹಾಕಿದರೆ ಅದು ತಾನಾಗಿಯೇ ಮನೆಯವರ ಫೋನಿಗೆ ಹೋಗುತ್ತದೆ.

ಹಿಂದೊಂದು ವರ್ಷ ಮೊದಲಿಗೆ ನಾಲ್ಕನೇ ಕ್ಲಾಸಿನದ್ದು ಹಾಕಿದೆ. ಮರುದಿನ ಗ್ರಾಫ್ ತೆಗೆದು ನೋಡಿದರೆ ಗೆರೆಗಳೆಲ್ಲ ಕೆಳಗೆ ಇಳಿದಿದ್ದವು. ರಜೆಯಲ್ಲಿ ಇಡೀ ನಾಲ್ಕನೇ ಕ್ಲಾಸು ಕುಗ್ಗಿತ್ತು.

ನರ್ಸಿನ ಕೋಣೆಗೆ ಓಡಿದೆ. ಅವರು, "ನಾನು ಸರಿಯಾಗಿಯೇ ಅಳೆದಿದ್ದೇನೆ," ಅಂದರು. ಬೇಕಾದರೆ ನಿಮ್ಮನ್ನೇ ಅಳೆಯುತ್ತೇನೆ ಅಂತ ನನ್ನನ್ನು ನಿಲ್ಲಿಸಿದರು. ನಾನೂ ಕುಗ್ಗಿದ್ದೆ. ಆಗ ಇಬ್ಬರೂ ಗೋಡೆ ನೋಡಿದೆವು. ರಜೆಯಲ್ಲಿ ಪೇಂಟಿನವರು ಬಂದಿದ್ದರು. ಜಿರಾಫೆಯನ್ನು ಕಿತ್ತು, ಬಣ್ಣ ಬಳಿದು, ಪುನಃ ಅಂಟಿಸುವಾಗ ನಾಲ್ಕು ಬೆರಳು ಮೇಲೆ ಅಂಟಿಸಿದ್ದರು.

ಹೆಡ್ ಮೇಡಂ ಇಂಗ್ಲೆಂಡಿನವರು, ತಪ್ಪಾದರೆ ಮೊದಲು ಕ್ಷಮೆ ಕೇಳಬೇಕು ಅನ್ನುವವರು. ಎಲ್ಲ ಮನೆಗಳಿಗೂ ಫೋನ್ ಮಾಡಿ ಹೇಳಿ ಅಂದರು. ಮಾಡಿದೆ. ಯಾರೂ ಮೆಸೇಜು ಓದಿಯೇ ಇರಲಿಲ್ಲ. ಓದಿದ್ದವರು ಒಬ್ಬರೇ, ಮೈಸೂರು ಕಡೆಯ ಒಬ್ಬ ತಾಯಿ. ಗಂಡ ಇಲ್ಲಿ ಒಂದು ಕಂಪನಿಯಲ್ಲಿ ಇಂಜಿನಿಯರ್.

"ತೊಂದರೆ ಇಲ್ಲ ಮೇಡಂ, ನನಗೆ ಗೊತ್ತಿತ್ತು," ಅಂದರು ಅವರು ಫೋನಿನಲ್ಲಿ. "ಎರಡು ತಿಂಗಳು ಮಗೂನ ಅತ್ತೆ ಹತ್ರ ಬಿಟ್ಟಿದ್ವಿ. ಹೊತ್ತು ಹೊತ್ತಿಗೆ ಊಟ ಹಾಕಿರಲ್ಲ ಅಂತ ನಾನು ಆವಾಗಲೇ ಹೇಳಿದ್ದೆ. ನಮ್ಮನೆಯವರು ನಂಬಲಿಲ್ಲ. ಈಗ ಶಾಲೆಯವರೇ ಬರೆದು ಕಳಿಸಿದೀರ."

"ಅಯ್ಯೋ, ಹಾಗಲ್ಲಮ್ಮ. ಅಳತೆಪಟ್ಟಿ ತಪ್ಪಾಗಿ ಅಂಟಿಸಿದ್ದರು. ನಿಮ್ಮ ಮಗು ಚೆನ್ನಾಗಿ ಬೆಳೆದಿದೆ. ಸರಿಯಾದ ಲೆಕ್ಕ ಇವತ್ತೇ ಕಳಿಸ್ತೇನೆ."

ಅವರು ದನಿ ತಗ್ಗಿಸಿ ಕೇಳಿದರು: "ಮೇಡಂ, ಅದನ್ನ ಮುಂದಿನ ವಾರ ಕಳಿಸಿದ್ರೆ ಆಗಲ್ವಾ? ಅತ್ತೆ ಈ ಗುರುವಾರ ಇಲ್ಲಿಗೆ ಬರ್ತಿದಾರೆ."

ಯಾರು ಗಮನಿಸುತ್ತಾರೆ

ವರ್ಷಕ್ಕೊಮ್ಮೆ ಮಕ್ಕಳ ಅಭಿಪ್ರಾಯ ಕೇಳುತ್ತೇವೆ. ಚಿಕ್ಕವರಿಗೆ ಬರೆಯಲು ಕಷ್ಟ, ಹಾಗಾಗಿ ನಾನು ಒಬ್ಬೊಬ್ಬರನ್ನೇ ಕೂರಿಸಿಕೊಂಡು ಕೇಳುವುದು. ಶಾಲೆಯಲ್ಲಿ ನಿನಗೆ ಸಂತೋಷ ಇದೆಯಾ, ಭಯ ಆಗುತ್ತದೆಯಾ, ಹೀಗೆ.

ಎರಡನೇ ಕ್ಲಾಸಿನ ಒಬ್ಬ ಒಮಾನಿ ಹುಡುಗಿ ಎಲ್ಲದಕ್ಕೂ ಗಂಭೀರವಾಗಿ ಉತ್ತರ ಕೊಟ್ಟಳು. ಕೊನೆಯ ಪ್ರಶ್ನೆ, "ಶಾಲೆಯಲ್ಲಿ ನಿನ್ನನ್ನು ಯಾವಾಗಲೂ ಗಮನಿಸುವ ದೊಡ್ಡವರು ಯಾರಾದರೂ ಇದ್ದಾರಾ?"

"ಇದ್ದಾರೆ," ಅಂದಳು.

ನನಗೆ ಖುಷಿಯಾಯಿತು. ಅವಳ ಟೀಚರ್ ಹೊಸಬರು, ಮಕ್ಕಳು ತನಗೆ ಹೊಂದಿಕೊಂಡಿದ್ದಾರೋ ಇಲ್ಲವೋ ಅಂತ ದಿನಾ ಚಿಂತೆ ಮಾಡುತ್ತಿದ್ದರು. ಅವರ ಹೆಸರೇ ಬರುತ್ತದೆ ಅಂತ ಪೆನ್ನು ಹಿಡಿದು, "ಯಾರು?" ಅಂದೆ.

ಅವಳು ಬೆರಳು ಎತ್ತಿ ನನ್ನ ತಲೆಯ ಮೇಲಿನ ಸಿಸಿಟಿವಿ ಕ್ಯಾಮೆರಾ ತೋರಿಸಿದಳು. "ಅವರು."

ಒಂದು ಹೆಚ್ಚು

ಇದು ಕಳೆದ ವರ್ಷದ್ದು. ಇನ್‌ಸ್ಪೆಕ್ಷನ್ ತಂಡ ಬರಲಿಕ್ಕಿತ್ತು. ಶಾಲೆಗೆ ಎಂಥ ದರ್ಜೆ ಕೊಡಬೇಕು ಅಂತ ತೀರ್ಮಾನಿಸುವವರು ಅವರು, ಹಾಗಾಗಿ ಎಲ್ಲರಿಗೂ ಟೆನ್ಷನ್. ಅವರು ಮೊದಲು ನೋಡುವುದೇ ನನ್ನ ಲೆಕ್ಕಗಳನ್ನು.

ಒಂದನೇ ಕ್ಲಾಸಿನ ಹಾಜರಿ ತೆಗೆದು ನೋಡುತ್ತೇನೆ, ಶೇಕಡಾ ನೂರಕ್ಕಿಂತ ಹೆಚ್ಚು. ಕಂಪ್ಯೂಟರಿನ ತಪ್ಪು ಅಂತ ಮತ್ತೆ ಮತ್ತೆ ಹಾಕಿದೆ. ಅದೇ ಬಂತು. ಕೊನೆಗೆ ಕ್ಲಾಸಿಗೇ ಹೋಗಿ ತಲೆ ಎಣಿಸಿದೆ. ರಿಜಿಸ್ಟರಿನಲ್ಲಿ ಇರುವುದಕ್ಕಿಂತ ಒಂದು ತಲೆ ಹೆಚ್ಚಿತ್ತು.

ಆ ಕ್ಲಾಸಿನ ಟೀಚರ್ ನಮ್ಮ ಉಡುಪಿಯವರು. ಪಕ್ಕಕ್ಕೆ ಕರೆದು ಕೇಳಿದೆ.

"ಮುಂದಿನ ಬೆಂಚಿನ ಆ ಎರಡು ಜಡೆಯ ಹುಡುಗಿ ಹೊಸ ಅಡ್ಮಿಷನ್ ಅಲ್ವಾ ಅಕ್ಕ?" ಅಂದರು ಅವರು. "ಆಫೀಸಿನಿಂದ ಹೆಸರು ಬರಲಿಲ್ಲ, ಆಮೇಲೆ ಬರ್ತದೆ ಅಂತ ಹಾಜರಿಗೆ ನಾನೇ ಸೇರಿಸಿಕೊಂಡೆ. ಎರಡು ವಾರ ಆಯ್ತಲ್ಲ."

ಆಫೀಸಿನಲ್ಲಿ ಅಂಥ ಅಡ್ಮಿಷನ್ನೇ ಆಗಿರಲಿಲ್ಲ. ಹೆಡ್ ಮೇಡಂಗೆ ಹೇಳಿದಾಗ ಅವರು ಕುರ್ಚಿ ಹಿಡಿದುಕೊಂಡು ಕೂತರು. ಯಾರದ್ದೋ ಮಗು ನಮ್ಮಲ್ಲಿದೆ, ಎಲ್ಲಿಯದ್ದು ಅಂತ ನಮಗೆ ಗೊತ್ತಿಲ್ಲ. ಹುಡುಗಿಯನ್ನೇ ಕೇಳಿದೆವು. ಅವಳು ಮೂರನೇ ಕ್ಲಾಸಿನ ತನ್ನ ಅಕ್ಕನ ಹೆಸರು ಹೇಳಿದಳು. ತಾಯಿಗೆ ಫೋನ್ ಮಾಡಿ ಕರೆಸಿದೆವು. ಅರ್ಧ ಗಂಟೆಯಲ್ಲಿ ತಾಯಿ ನಗುನಗುತ್ತಾ ಬಂದರು, ಕೈಯಲ್ಲಿ ಸ್ವೀಟಿನ ಡಬ್ಬಿ.

"ಸೀಟು ಕೊಟ್ಟದ್ದಕ್ಕೆ ಬಂದು ಥ್ಯಾಂಕ್ಸ್ ಹೇಳಬೇಕು ಅಂತ ಇದ್ದೆ ಮೇಡಂ, ನೀವೇ ಕರೆದಿರಿ."

"ಸೀಟು ಯಾರು ಕೊಟ್ಟರು?"

"ಅಲ್ಲ, ಮುಂದಿನ ವರ್ಷಕ್ಕೆ ಅಂತ ಅರ್ಜಿ ಕೊಟ್ಟಿದ್ದೆವು. ಅಕ್ಕನ ಹಾಗೆ ನಾನೂ ಯೂನಿಫಾರ್ಮ್ ಹಾಕಬೇಕು ಅಂತ ಇವಳದ್ದು ದಿನಾ ಹಟ. ಅಕ್ಕನ ಹಳೇದು ಹಾಕಿಸಿ ಬಸ್ಸಿನ ಹತ್ರ ಕರ್ಕೊಂಡು ಬಂದೆ, ಟಾಟಾ ಮಾಡ್ಲಿಕ್ಕೆ. ಬಸ್ಸಿನ ಆಂಟಿ ಇಬ್ಬರನ್ನೂ ಹತ್ತಿಸಿಕೊಂಡ್ರು. ಈ ವರ್ಷವೇ ಸಿಕ್ಕಿತು ಅಂದ್ಕೊಂಡೆ."

ಬಸ್ಸಿನ ಆಂಟಿಯನ್ನು ಕರೆಸಿದರೆ, "ಯೂನಿಫಾರ್ಮ್ ಹಾಕಿಕೊಂಡು ಬಸ್ಸಿನ ಮುಂದೆ ನಿಂತ ಮಗುವನ್ನು ಬಿಟ್ಟು ಬರಲಿಕ್ಕೆ ಆಗುತ್ತದಾ?" ಅಂತ ನಮ್ಮನ್ನೇ ಕೇಳಿದರು. ಅಕ್ಕನನ್ನು ಕೇಳಿದರೆ, "ನನ್ನನ್ನು ಯಾರೂ ಕೇಳಲಿಲ್ಲ," ಅಂದಳು.

ಯಾರ ಮೇಲೆ ಸಿಟ್ಟು ಮಾಡುವುದು ಅಂತ ಯಾರಿಗೂ ತಿಳಿಯಲಿಲ್ಲ. ವಯಸ್ಸು ಆಗದ ಮಗುವನ್ನು ಇಟ್ಟುಕೊಳ್ಳುವ ಹಾಗಿಲ್ಲ. ಹೆಡ್ ಮೇಡಂ ತಾಯಿಯ ಹತ್ತಿರ ಕ್ಷಮೆ ಕೇಳಿ, ಮುಂದಿನ ವರ್ಷ ಮೊದಲ ಸೀಟು ಇವಳಿಗೇ ಅಂತ ಮಾತು ಕೊಟ್ಟರು. ಹುಡುಗಿ ಅಳಲಿಲ್ಲ. ಬ್ಯಾಗು ಬೆನ್ನಿಗೆ ಹಾಕಿಕೊಂಡು ಟೀಚರ್ ಹತ್ತಿರ ಹೋಗಿ, ನಾಳೆಯ ಹೋಂವರ್ಕ್ ಏನು ಅಂತ ಬರೆಸಿಕೊಂಡು ಹೋದಳು.

ನಾನು ಅವಳ ಹೆಸರು ತೆಗೆದು ಲೆಕ್ಕ ಸರಿ ಮಾಡಿದೆ. ಹಾಜರಿ ನೂರರ ಒಳಗೆ ಬಂತು. ಆದರೆ ಓದಿನ ಲೆಕ್ಕ ತೆರೆದರೆ ಒಂದನೇ ಕ್ಲಾಸಿನ ಸರಾಸರಿ ಹಿಂದಿನ ವಾರಕ್ಕಿಂತ ಕೆಳಗೆ ಇಳಿದು ಕೂತಿತ್ತು. ಆ ಎರಡು ವಾರದಲ್ಲಿ ಟೀಚರ್ ಎಲ್ಲರ ಓದು ಪರೀಕ್ಷೆ ಮಾಡಿದ್ದರು. ಮನೆಯಲ್ಲಿ ಅಕ್ಕನ ಪುಸ್ತಕ ಓದಿ ಓದಿ ಕಲಿತಿದ್ದ ಆ ಹುಡುಗಿಯೇ ಇಡೀ ಕ್ಲಾಸಿಗೆ ಮೊದಲು ಬಂದಿದ್ದಳು.

ಟೀಚರ್ ನನ್ನ ಮೇಜಿಗೆ ಬಂದು ಬಗ್ಗಿ, ಯಾರಿಗೂ ಕೇಳದ ಹಾಗೆ ಹೇಳಿದರು: "ಅಕ್ಕ, ಇನ್‌ಸ್ಪೆಕ್ಷನ್ ಮುಗಿಯುವವರೆಗೆ ಆ ಮಗುವನ್ನು ಟಾಟಾ ಮಾಡ್ಲಿಕ್ಕೆ ಬಸ್ಸಿನ ಹತ್ರ ಕರ್ಕೊಂಡು ಬರ್ಲಿಕ್ಕೆ ಹೇಳುವನಾ?"

ಅದು ಆಗುವ ಮಾತಲ್ಲ. ಸರಾಸರಿ ಇಳಿದರೆ ಕಾರಣ ಬರೆಯಬೇಕು ಅನ್ನುವುದು ನಿಯಮ. ಟೀಚರ್ ಒಂದು ದಿನವಿಡೀ ಯೋಚಿಸಿದರು. ಸುಳ್ಳು ಬರೆಯುವ ಜನ ಅಲ್ಲ ಅವರು. ಇನ್‌ಸ್ಪೆಕ್ಷನ್ ದಿನ ತಂಡದ ಹಿರಿಯರು ಆ ಪುಟಕ್ಕೆ ಬಂದಾಗ ನಾನು ಪಕ್ಕದಲ್ಲೇ ನಿಂತಿದ್ದೆ. ಅವರು ಒಂದು ಸಲ ಓದಿದರು. ಕನ್ನಡಕ ತೆಗೆದು ಒರೆಸಿ ಇನ್ನೊಂದು ಸಲ ಓದಿದರು. ಆಮೇಲೆ ನನ್ನ ಮುಖ ನೋಡಿ ಮುಂದಿನ ಪುಟ ತಿರುಗಿಸಿದರು.

ಟೀಚರ್ ಬರೆದಿದ್ದದ್ದು ಒಂದೇ ಸಾಲು: "ನಮ್ಮ ಶಾಲೆಗೆ ಸೇರದೇ ಇದ್ದ ವಿದ್ಯಾರ್ಥಿನಿಯೊಬ್ಬಳು ಶಾಲೆ ಬಿಟ್ಟಿರುತ್ತಾಳೆ."