ಬೋನಣ್ಣನ ಪುರಾವೆಯುಳ್ಳ ಗೋದಲಿ

"ನೋಡ್ತಾ ಇರು ಸೆವ್ರಿನ್! ಈ ಕ್ರಿಸ್ಮಸ್ಸಿಗೆ ಇಡೀ ಮೂಡುಬಿದಿರೆ ಬಾಯಿಬಿಟ್ಟು ನೋಡುವಂಥ ಗೋದಲಿ ಮಾಡ್ತೇನೆ!"

ಪುತ್ತಿಗೆಯ ಬೊನಿಫಾಸ್ ಲೋಬೊ, ಊರವರ ಬೋನಣ್ಣ, ಹೆಂಡತಿಯೆದುರು ಹೀಗೆ ಎದೆ ತಟ್ಟಿಕೊಂಡದ್ದು ಎರಡು ಸಾವಿರದ ನಾಲ್ಕರಲ್ಲಿ. ಐದನೇ ಕ್ಲಾಸಿಗೇ ಶಾಲೆಗೆ ಕೈಮುಗಿದು, ಕಡಲೆ ಕಟ್ಟಿದ ಕಾಗದವನ್ನೂ ಬಿಡದೆ ಓದಿ, ಸ್ವಂತ ಬಲದಿಂದ ಪಂಡಿತನಾದ ಆಸಾಮಿ! ಬಾಲಯೇಸು ಹುಟ್ಟಿದ ಕೊಟ್ಟಿಗೆಯ ಮಾದರಿಯೇ ಗೋದಲಿ. ಅದಕ್ಕೆ ಇಗರ್ಜಿಯವರು ಪ್ರತಿ ವರ್ಷ ಸ್ಪರ್ಧೆ ಇಡುತ್ತಿದ್ದರು. ಆ ವರ್ಷ ಊರಿನ ಯಾರು ಬೇಕಾದರೂ ಸೇರಬಹುದಿತ್ತು. ಸತತ ಎರಡು ಸಲ ಎರಡನೆಯ ಬಹುಮಾನ ಹೊತ್ತು ತಂದ ಬೋನಣ್ಣ, ಈ ಸಲ ಮೊದಲನೆಯದು ಬಾರದಿದ್ದರೆ ಮೀಸೆ ಬೋಳಿಸುವುದಾಗಿ ಮೀನು ಮಾರ್ಕೆಟ್ಟಿನಲ್ಲಿ ಘೋಷಿಸಿಯಾಗಿತ್ತು!

ಮೂಡುಬಿದಿರೆಯಲ್ಲಿ ಫೈಝಲನ ಸೈಬರ್ ಅಂಗಡಿ. ಗೋದಲಿಯಲ್ಲಿ ಇಡುವ ಯಾವುದಕ್ಕೆಲ್ಲ ಬೈಬಲಿನಲ್ಲಿ ಪುರಾವೆ ಉಂಟು ಎಂದು ಬೋನಣ್ಣ ಕೇಳುವುದು, ಫೈಝಲ್ ಇಂಟರ್ನೆಟ್ಟಿನಲ್ಲಿ ಹುಡುಕಿ ಪ್ರಿಂಟ್ ಕೊಡುವುದು.

"ಬೋನಣ್ಣ, ಇದನ್ನೆಲ್ಲ ಬರೆದವರು ಹೇಳಿದ ಹಾಗೆ ಒಂದೊಂದೇ ತೆಗೆದರೆ ಕೊನೆಗೆ ಉಳಿಯುವುದು ಎಂತ?"

"ಸತ್ಯ ಮಾರಾಯ, ಸತ್ಯ!"

ಇಪ್ಪತ್ತನಾಲ್ಕರ ಮಧ್ಯಾಹ್ನ ಸತ್ಯಶೋಧನೆ ಶುರುವಾಯಿತು. "ಎತ್ತು, ಕತ್ತೆ ಬೈಬಲಿನಲ್ಲಿ ಎಲ್ಲಿ ಉಂಟು? ತೆಗೆ! ಡಿಸೆಂಬರಿನ ಚಳಿಯಲ್ಲಿ ಕುರುಬರು ಬಯಲಲ್ಲಿ ಮಲಗ್ತಾರಾ? ತೆಗೆ! ಮೂವರು ರಾಜರು? ಮೂವರು ಅಂತಲೂ ಇಲ್ಲ, ರಾಜರು ಅಂತಲೂ ಇಲ್ಲ. ತೆಗೆ!"

ಸೆವ್ರಿನ್ ಬಾಯಿ ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡು ಓಡಿಬಂದಳು. "ಮರಿಯಮ್ಮ, ಜೋಸೆಫರಾದರೂ ಇರಲಿ ಮಾರಾಯ್ರೆ!"

"ಗಂಟೆ ಈಗ ಮೂರು. ಅವರಿನ್ನೂ ದಾರಿಯಲ್ಲಿ! ಹೊರಗೆ ಮೆಟ್ಟಿಲಲ್ಲಿ ನಿಲ್ಲಿಸು."

"ಬಾಲಯೇಸು?"

"ಹುಟ್ಟಿಯೇ ಇಲ್ಲ!"

ಅಷ್ಟು ಹೇಳಿ ಬೋನಣ್ಣ ಬಹುಮಾನ ಸ್ವೀಕರಿಸುವ ಅಂಗಿಗೆ ಇಸ್ತ್ರಿ ಹಾಕಲು ಒಳಗೆ ಹೋದ.

ಐದು ಗಂಟೆಗೆ ಫಾದರ್ ಇಬ್ಬರು ತೀರ್ಪುಗಾರರೊಂದಿಗೆ ಬಂದರು. ಗೋಣಿಯ ಗುಹೆ. ಒಳಗೆ ಸೆವ್ರಿನ್ ಬಾಯಿ ಮೊಳಕೆ ಬರಿಸಿದ್ದ ರಾಗಿ ಪೈರು. ಅದರ ಮೇಲೆ ಸುರುಳಿ ಸುತ್ತಿ ಮಲಗಿದ ಮನೆಯ ಬೆಕ್ಕು.

"ಗೋದಲಿ ಎಲ್ಲಿ ಬೋನಣ್ಣ?"

"ಇದೇ ಫಾದರ್! ಪುರಾವೆ ಇಲ್ಲದ್ದು ಇದರಲ್ಲಿ ಒಂದೂ ಇಲ್ಲ!"

"ಬೆಕ್ಕಿಗೆ ಪುರಾವೆ ಉಂಟಾ?"

ಅಷ್ಟರಲ್ಲಿ ಬೇಲಿಯಾಚೆಯಿಂದ ನೆರೆಮನೆಯ ಧರ್ಣಪ್ಪ ಕರೆದ. "ಫಾದರ್, ನಮ್ಮ ದನದ ಹಟ್ಟಿಗೂ ಒಮ್ಮೆ ಬನ್ನಿ."

ಹಟ್ಟಿಯಲ್ಲಿ ನಿಜವಾದ ದನ ಮೆಲುಕು ಹಾಕುತ್ತಿತ್ತು. ನಿಜವಾದ ಕರು, ನಿಜವಾದ ಬೈಹುಲ್ಲು. ನಡುವೆ ಮರಿಯಮ್ಮ, ಜೋಸೆಫ್, ಬಾಲಯೇಸು! ಎತ್ತು ಕತ್ತೆ, ಕುರುಬರು, ಮೂವರು ರಾಜರು, ಎಲ್ಲರೂ ಹಾಜರು! ತೀರ್ಪುಗಾರರು ಪರಸ್ಪರ ಮುಖ ನೋಡಿಕೊಂಡರು. ಮೊದಲ ಬಹುಮಾನ ಧರ್ಣಪ್ಪನ ಹಟ್ಟಿಗೆ!

"ನನ್ನ ಮೂರ್ತಿಗಳು ಅಲ್ಲಿಗೆ ಹೇಗೆ ಹೋದವು?" ಬೋನಣ್ಣ ಹೆಂಡತಿಯ ಮೇಲೆ ಹಾರಿಬಿದ್ದ.

"ತುಂಬಿದ ಬಸುರಿಯನ್ನು ಮೆಟ್ಟಿಲಲ್ಲಿ ನಿಲ್ಲಿಸಿದ್ರಲ್ಲ, ನನಗೆ ನೋಡ್ಲಿಕ್ಕೆ ಆಗ್ಲಿಲ್ಲ. ಧರ್ಣಪ್ಪಣ್ಣನಲ್ಲಿ ಕೇಳಿದೆ, ಹಟ್ಟಿಯಲ್ಲಿ ಜಾಗ ಉಂಟು ಅಂದ್ರು. ಬೈಬಲಿನಲ್ಲಿ ಇದ್ದ ಹಾಗೇ ಬೇಕಿತ್ತಲ್ಲ ನಿಮಗೆ? ಹಾಗೇ ಆಯ್ತು! ಜಾಗ ಇಲ್ಲ ಅಂತ ಮರಿಯಮ್ಮನನ್ನು ಹಟ್ಟಿಗೆ ಅಟ್ಟಿದ ಛತ್ರದ ಯಜಮಾನ ನೀವೇ!"

ಛತ್ರದ ಯಜಮಾನನೆಂಬ ಮನುಷ್ಯ ಬೈಬಲಿನಲ್ಲಿ ಇಲ್ಲವೇ ಇಲ್ಲ ಎನ್ನುವ ಪ್ರಿಂಟೂ ಬೋನಣ್ಣನ ಜೇಬಿನಲ್ಲಿತ್ತು. ಅದನ್ನವನು ತೆಗೆಯಲಿಲ್ಲ. ತೆಗೆದದ್ದು ಮೀಸೆ!