ಮಾವನ ಸೊಂಟವೂ ಸೈಕಲ್ಲಿನ ಹ್ಯಾಂಡಲ್ಲೂ

ಬಸ್ಸಿನ ಡ್ರೈವರು ನಿವೃತ್ತನಾದ ದಿನ ಬಸ್ಸಿನಿಂದ ಇಳಿಯುತ್ತಾನೆ ಎಂದು ನೀವು ನಂಬಿದ್ದರೆ, ನೀವು ನನ್ನ ಸೋದರಮಾವನನ್ನು ನೋಡಿಲ್ಲ ಎಂದೇ ಅರ್ಥ. ಡಿಪೋದವರೇನೋ ಹಾರ ಹಾಕಿ, ಶಾಲು ಹೊದಿಸಿ, ಹೊಸದುರ್ಗದ ಮನೆಯ ಬಾಗಿಲವರೆಗೂ ತಂದು ಬಿಟ್ಟುಹೋದರು. ಮಾವ ಬಸ್ಸಿನಿಂದ ಇಳಿದ. ಬಸ್ಸು ಮಾವನಿಂದ ಇಳಿಯಲಿಲ್ಲ. ಈಗಲೂ ಸೋಫಾದಲ್ಲಿ ಅವನಿಗೆ ಬಲಮೂಲೆಯೇ ಬೇಕು. ಊಟಕ್ಕೆ ಕರೆದರೆ ಮೊದಲು ಎಡಗಾಲಿನಿಂದ ನೆಲವನ್ನು ಒತ್ತಿ, ಎಡಗೈಯಿಂದ ಗಾಳಿಯಲ್ಲಿ ಏನನ್ನೋ ಹಿಂದಕ್ಕೆಳೆದು, ಆಮೇಲೆ ಏಳುತ್ತಾನೆ. ಮದುವೆ ಮನೆಯಲ್ಲಿ ಯಾರಾದರೂ ಅಡ್ಡ ನಿಂತರೆ ಅವನ ಬಲಗೈ ತಾನಾಗಿ ಹಾರನ್ ಹುಡುಕುತ್ತದೆ.

ಇಂಥವನು ಸೈಕಲ್ಲು ಕೊಂಡರೆ ಏನಾಗಬೇಕು? ಅದೂ ಎಂಥ ಸೈಕಲ್ಲು! ಹಾಲಿನ ಕ್ಯಾನು ನೇತುಹಾಕುವ ಗಟ್ಟಿ ಸೈಕಲ್ಲಲ್ಲ. ಟಗರಿನ ಕೊಂಬಿನಂತೆ ಹ್ಯಾಂಡಲ್ಲು ಕೆಳಕ್ಕೆ ಸುತ್ತಿಕೊಂಡಿರುವ, ಎರಡು ಬೆರಳಲ್ಲಿ ಎತ್ತಬಹುದಾದ ರೇಸ್ ಸೈಕಲ್ಲು. ಹೊರಡುವ ಮುಂಚೆ ಮಾವ ಅದಕ್ಕೊಂದು ಸುತ್ತು ಹಾಕಿ ಎರಡೂ ಟೈರನ್ನು ಒದೆಯುತ್ತಾನೆ. ಬಗ್ಗಲು ಆಗದ ಕಾರಣ, ಕೆಳಗೆ ಆಯಿಲ್ ಸೋರುತ್ತಿದೆಯೇ ಎಂದು ಪಕ್ಕದ ಮನೆಯವರನ್ನು ಕೇಳುತ್ತಾನೆ. ಸೈಕಲ್ಲಿನಲ್ಲಿ ಎಲ್ಲಿಯ ಆಯಿಲ್ಲು? ಪಾಪ, ಅವರೂ ಅಂಗಳ ಗುಡಿಸುತ್ತಲೇ “ಇಲ್ಲ, ಹೊರಡ್ರಿ” ಎನ್ನುತ್ತಾರೆ. ಒಮ್ಮೆ ಶ್ರೀರಾಂಪುರದಲ್ಲಿ ನೀರು ಕುಡಿಯಲು ನಿಂತವನು ಅಭ್ಯಾಸಬಲದಿಂದ ಬಸ್ಸು ನಿಲ್ಲುವ ಜಾಗದಲ್ಲೇ ಸೈಕಲ್ಲು ನಿಲ್ಲಿಸಿದ. ಗಂಟು ಹಿಡಿದು ಕುಳಿತಿದ್ದ ಅಜ್ಜಿ ಕೇಳಿತು: “ಹುಳಿಯಾರಿಗೆ ಹೋಗ್ತೈತೇನಪ್ಪ?”

“ಇಲ್ಲಮ್ಮ, ಇದು ಹೊಸದುರ್ಗಕ್ಕೆ ವಾಪಸ್. ಹುಳಿಯಾರಿಂದು ಹಿಂದೆ ಬರ್ತೈತೆ, ಕುಂತ್ಕ” ಎಂದ ಮಾವ. ಅಜ್ಜಿಗೂ ಅನುಮಾನ ಬರಲಿಲ್ಲ, ಇವನಿಗೂ ನಗು ಬರಲಿಲ್ಲ.

ಸೈಕಲ್ಲು ಕೊಂಡದ್ದು ಅತ್ತೆಗಾಗಿ. ಹಿರಿಯೂರಿನ ಕಡೆಯ ಮಾರಿಕಣಿವೆ ಅಣೆಕಟ್ಟಿಗೆ ಮಾವ ಶಾಲೆಯ ಮಕ್ಕಳನ್ನು, ಮದುವೆ ದಿಬ್ಬಣಗಳನ್ನು, ಪ್ರವಾಸದವರನ್ನು ಎಷ್ಟು ಸಲ ಹೊತ್ತೊಯ್ದಿದ್ದಾನೋ ಲೆಕ್ಕವಿಲ್ಲ. ಜನ ನೀರು ನೋಡುತ್ತಿದ್ದರೆ ಇವನು ಬಸ್ಸಿನ ನೆರಳಿನಲ್ಲಿ ಟವೆಲ್ಲು ಹಾಸಿ ಮಲಗುತ್ತಿದ್ದ. ಹೆಂಡತಿಯನ್ನು ಮಾತ್ರ ಒಂದು ದಿನವೂ ಕರೆದೊಯ್ದಿರಲಿಲ್ಲ. ರಜೆ ಎಂದರೆ ನಿದ್ದೆ. ನಿವೃತ್ತಿಯ ಮರುದಿನ ಅತ್ತೆ ಕೇಳಿದ್ದು ಅದೊಂದನ್ನೇ.

“ಕಣಿವೆಗೆ ಹೋಗಾಣ. ಬಸ್ಸಲ್ಲಿ ಮಾತ್ರ ಬ್ಯಾಡ ಕಣ್ರಿ. ಬಸ್ಸಲ್ಲಿ ಹೋದ್ರೆ ನೀವು ಡ್ರೈವರ್ ಪಕ್ಕ ನಿಂತ್ಕಂಡು ಅವನಿಗೆ ಗೇರ್ ಹೇಳ್ಕೊಡ್ತೀರಿ.”

ಅತ್ತೆ ಅಂಗನವಾಡಿಯಲ್ಲಿ ಕೆಲಸ ಮಾಡಿದವಳು. ಹಳ್ಳಿಯಿಂದ ಹಳ್ಳಿಗೆ ಸೈಕಲ್ಲು ತುಳಿದೇ ಓಡಾಡಿದವಳು. ಅವಳ ಸೈಕಲ್ಲು ಮನೆಯಲ್ಲೇ ಇತ್ತು. ಇಬ್ಬರೂ ಸೈಕಲ್ಲಲ್ಲೇ ಕಣಿವೆಗೆ ಹೋಗುವುದೆಂದಾಗಿ, ಮಾವನಿಗೊಂದು ಬೇಕಾಯಿತು. ಹೊಳಲ್ಕೆರೆಯ ಯೋಗದ ಮೇಷ್ಟ್ರೊಬ್ಬರು ಹೊಸದು ಕೊಂಡು ಹಳೆಯದನ್ನು ಮಾರುತ್ತಿದ್ದರು. ಮಾವ ಅವರ ಪಕ್ಕದಲ್ಲಿ ನಿಂತು ನೋಡಿದ. ಭುಜಕ್ಕೆ ಭುಜ ಸಮ, ಕಾಲಿಗೆ ಕಾಲು ಸಮ. “ಅಳತೆ ಕೂಡಿ ಬಂತು” ಎಂದು ಖುಷಿಯಿಂದ ತಂದ.

ಅಳತೆ ಕೂಡಿಬಂದದ್ದು ನಿಂತಾಗ. ಸೈಕಲ್ಲನ್ನು ಯಾರೂ ನಿಂತು ಓಡಿಸುವುದಿಲ್ಲವಲ್ಲ! ಯೋಗದ ಮೇಷ್ಟ್ರು ಕುಳಿತಲ್ಲೇ ಮೊಣಕಾಲಿಗೆ ಹಣೆ ಹಚ್ಚುವ ಆಸಾಮಿ. ಅವರು ತಮ್ಮ ಮೈಗೆ ತಕ್ಕಂತೆ ಹ್ಯಾಂಡಲ್ಲನ್ನು ಸೀಟಿಗಿಂತ ಎಷ್ಟೋ ಕೆಳಗೆ ಇಳಿಸಿಕೊಂಡಿದ್ದರು. ನಮ್ಮ ಮಾವನ ಸೊಂಟವೋ, ಡ್ರೈವರ್ ಸೀಟಿನ ಆಕಾರಕ್ಕೆ ಎರಕ ಹೊಯ್ದದ್ದು. ಅಲ್ಲಿಂದ ಮುಂದಕ್ಕೂ ಬಾರದು, ಹಿಂದಕ್ಕೂ ಹೋಗದು. ಸೈಕಲ್ಲು ಹತ್ತಿದರೆ ಮುಂದಿನ ಟೈರು ಬಿಟ್ಟು ಬೇರೇನೂ ಕಾಣುತ್ತಿರಲಿಲ್ಲ. ರಸ್ತೆಯ ಗುಂಡಿಗಳೆಲ್ಲ ಪರಿಚಯವಾದವು; ಎದುರಿಗೆ ಕೈಯೆತ್ತಿ ನಿಂತ ಬೀಗರು ಪರಿಚಯವಾಗಲಿಲ್ಲ. ಅವರು ಇವತ್ತಿಗೂ ಮುನಿಸಿಕೊಂಡಿದ್ದಾರೆ.

ತಮಾಷೆ ಅಲ್ಲಿಗೇ ನಿಂತಿದ್ದರೆ ಚೆನ್ನಾಗಿತ್ತು. ಒಂದು ಬೆಳಿಗ್ಗೆ ಸೈಕಲ್ಲಿಂದ ಇಳಿದವನ ಕೈಯಿಂದ ಕಾಫಿ ಲೋಟ ಜಾರಿತು. ಬೆರಳು ಜೋಮು ಹಿಡಿದಿತ್ತು. ಡಾಕ್ಟರು ಕೈ ನೋಡಿ, ಕತ್ತು ನೋಡಿ, ನೇರವಾಗಿ ಹೇಳಿದರು: ಕೂರುವ ರೀತಿ ಬದಲಾಗದಿದ್ದರೆ ಸೈಕಲ್ಲು ಬಿಟ್ಟುಬಿಡಿ, ಇದು ಹೀಗೇ ಬೆಳೆದರೆ ಕೈಯಲ್ಲಿ ಶಕ್ತಿ ಉಳಿಯುವುದಿಲ್ಲ. ಅತ್ತೆ ಆ ದಿನ ಕಣಿವೆಯ ಸುದ್ದಿ ಎತ್ತಲಿಲ್ಲ. ತನ್ನ ಸೈಕಲ್ಲನ್ನು ಒರೆಸಿ ಕೊಟ್ಟಿಗೆಗೆ ಸೇರಿಸಿದಳು. ನಾನೂ ಆಗ ಅವರ ಮನೆಯಲ್ಲೇ ಇದ್ದೆ.

“ಮಾವ, ಹ್ಯಾಂಡಲ್ ಒಂಚೂರು ಎತ್ತಿಸಿದ್ರೆ ಮುಗೀತಲ್ಲ” ಎಂದೆ. ಎಷ್ಟು ಸರಳ, ಅಲ್ಲವೇ? ಮಾವ ನನ್ನನ್ನು ನೋಡಿದ ರೀತಿ ನೋಡಿದರೆ, ಬಸ್ಸಿಗೆ ರೆಕ್ಕೆ ಕಟ್ಟಿಸು ಎಂದಿದ್ದೆನೋ ಏನೋ.

“ಲೇ ಅಳಿಯ, ಡಿಪೋದಾಗೆ ಬೆಳಿಗ್ಗೆ ಹೋದ್ರೆ ಯಾವ ಗಾಡಿ ಕೊಡ್ತಾರೋ ಅದು. ಸೀಟು ಮುಂದಿದ್ರೆ ಮುಂದೆ, ಹಿಂದಿದ್ರೆ ಹಿಂದೆ. ಕುಳ್ಳ ಡ್ರೈವರ್ರು ದಿಂಬು ತಗಂಡು ಬರ್ತಿದ್ದ, ಉದ್ದಕ್ಕಿರೋನು ಮಂಡಿ ಮಡಚ್ಕಂಡು ಕುಂತ್ಕಂತಿದ್ದ. ನನ್ ಸೈಜಿಗೆ ಗಾಡಿ ಕೊಡ್ರಿ ಅಂತ ಯಾವನಾದ್ರೂ ಕೇಳಿದ್ದು ಐತಾ? ಗಾಡಿ ಇದ್ದಂಗೆ ಡ್ರೈವರ್ರು ಆಗ್ಬೇಕು.”

“ಇದು ಡಿಪೋದ್ದಲ್ಲ ಮಾವ, ನಿಂದೇ ಸೈಕಲ್ಲು.”

“ಯಾರ್ದಾದ್ರೆ ಏನು? ಗಾಡಿ ಗಾಡೀನೇ.”

ಹೀಗೆ ಮಾವ ಸೈಕಲ್ಲನ್ನು ಬಿಟ್ಟು ತನ್ನನ್ನು ರಿಪೇರಿ ಮಾಡಿಕೊಳ್ಳಲು ಹೊರಟ. ಬಾಗಿಲ ಚೌಕಟ್ಟು ಹಿಡಿದು ಜೋತಾಡಿದ. ಕಟ್ಟೆಯ ಮೇಲೆ ಕಾಲು ಚಾಚಿ ಟವೆಲ್ಲಿನಿಂದ ಪಾದ ಎಳೆದ. ಪೇಪರನ್ನು ನೆಲದ ಮೇಲೆ ಹರಡಿ ಬಗ್ಗಿ ಓದಲು ಹೋಗಿ, ದಪ್ಪಕ್ಷರದ ಸುದ್ದಿಗಳನ್ನಷ್ಟೇ ತಿಳಿದುಕೊಂಡ. ಬಗ್ಗಿದವನು ಮೇಲೇಳಲಾಗದೆ “ಒಂಚೂರು ತಳ್ರಿ” ಎಂದು ಕೂಗಿದ್ದೂ ಉಂಟು. ಕೆಟ್ಟುನಿಂತ ಬಸ್ಸನ್ನು ತಳ್ಳಿಸಿದ ಅನುಭವ!

ನನಗೋ ಕುತೂಹಲ ಹತ್ತಿಕೊಂಡಿತು. ಹಿರಿಯೂರಿನಲ್ಲಿ ಪಾಠ ಹೇಳುವವನು ನಾನು. ತಿಳಿಯದೆ ಬಿಟ್ಟರೆ ನಿದ್ದೆ ಬರುವುದಿಲ್ಲ. ಒಂದೇ ಎತ್ತರದ ಇಬ್ಬರಿಗೆ ಒಂದೇ ಸೈಕಲ್ಲು ಯಾಕೆ ಒಗ್ಗುವುದಿಲ್ಲ? ಅವರಿವರನ್ನು ಕೇಳಿ ತಿಳಿದದ್ದಿಷ್ಟು. ತೊಡೆಯ ಹಿಂದಿನ ಸ್ನಾಯು ಸಡಿಲವಿದ್ದವನು ಸೊಂಟದಿಂದ ಬಗ್ಗುತ್ತಾನೆ. ಅದು ಬಿಗಿಯಾಗಿದ್ದವನಿಗೆ ಸೊಂಟ ತಿರುಗುವುದಿಲ್ಲ, ಬೆನ್ನು ಗೂನಾಗುತ್ತದೆ, ಮೈಭಾರವೆಲ್ಲ ಅಂಗೈಗೆ ಬೀಳುತ್ತದೆ, ರಸ್ತೆ ನೋಡಲು ಕತ್ತನ್ನು ಮುರಿಯುವಷ್ಟು ಎತ್ತಬೇಕಾಗುತ್ತದೆ. ಅಂದರೆ ಸೈಕಲ್ಲಿಗೆ ಬೇಕಾದ ಅಳತೆ ಎತ್ತರದ್ದಷ್ಟೇ ಅಲ್ಲ, ಬಾಗುವಿಕೆಯದ್ದು ಕೂಡ. ಎಂಥ ಸೊಗಸಾದ ವಿಷಯ! ನನಗೆ ಇದನ್ನು ಯಾರ ಮೇಲಾದರೂ ಪ್ರಯೋಗಿಸದೆ ಇರಲಾಗಲಿಲ್ಲ.

ಚಿಕ್ಕಜಾಜೂರಿನಲ್ಲಿ ನೆಂಟರೊಬ್ಬರ ಗೃಹಪ್ರವೇಶ ಒದಗಿಬಂತು. ಊಟದ ಪಂಕ್ತಿಗೆ ಇನ್ನೂ ಹೊತ್ತಿತ್ತು. ಎಲ್ಲರನ್ನೂ ಹೊಸ ಪಡಸಾಲೆಯಲ್ಲಿ ಸಾಲಾಗಿ ನಿಲ್ಲಿಸಿ, ಮಂಡಿ ಮಡಚದೆ ಕಾಲ್ಬೆರಳು ಮುಟ್ಟಿ ಎಂದೆ. ರೈಲ್ವೆಯಲ್ಲಿ ಹಳಿ ಕಾಯುವ ನೆಂಟ ಸಲೀಸಾಗಿ ಮುಟ್ಟಿದ. ಕಳೆ ಕೀಳುವ ದೊಡ್ಡಮ್ಮ ಮುಟ್ಟಿ, ಹಾಗೇ ಬಗ್ಗಿಕೊಂಡೇ ಪಕ್ಕದವಳ ಜೊತೆ ಮಗಳ ಬಾಣಂತನದ ಮಾತಾಡಿದಳು. ಬ್ಯಾಂಕಿನವರು ಕಣಕಾಲಿಗೆ ನಿಂತರು. ನಾನು ಅದಕ್ಕೂ ಮೇಲೆ ನಿಂತೆ, ಅದನ್ನು ಬಿಡಿ. ಗಲಾಟೆ ಕೇಳಿ ಸೌಟು ಹಿಡಿದು ಬಂದ ಅಡುಗೆಯವರು, ಹಂಡೆಯಂಥ ಹೊಟ್ಟೆ ಇಟ್ಟುಕೊಂಡು ಎರಡೂ ಅಂಗೈಯನ್ನು ನೆಲಕ್ಕೆ ಊರಿ, “ಇಷ್ಟೇನಾ?” ಎಂದು ಸಾರು ತಿರುವಲು ಹೋದರು. ಮಾವನ ಕೈ ಮೊಣಕಾಲಿಗೆ ಬಂದು ನಿಂತಿತು.

“ಗೇರು ಇಲ್ಲೀತಂಕ ಮಾತ್ರ ಇರೋದು ಅಳಿಯ. ಇದರ ಕೆಳಗೆ ನಂಗೆ ಯಾವತ್ತೂ ಕೆಲ್ಸ ಬಿದ್ದಿಲ್ಲ” ಎಂದ. ಎಲ್ಲರೂ ನಕ್ಕರು. ಅತ್ತೆ ನಗಲಿಲ್ಲ. ಚಳಿಗಾಲ ಮುಗಿಯುತ್ತಾ ಬಂದಿತ್ತು. ಬಿಸಿಲು ಏರಿದರೆ ಕಣಿವೆ ಮತ್ತೆ ಮುಂದಕ್ಕೆ ಹೋಗುತ್ತಿತ್ತು. ಮುಂದಕ್ಕೆ ಹೋದದ್ದು ನಮ್ಮ ಮನೆಗಳಲ್ಲಿ ಹಿಂದಕ್ಕೆ ಬರುವುದು ಕಡಿಮೆ.

ಕೊನೆಗೆ ಬ್ರೇಕಿನ ವೈರು ಬದಲಿಸಬೇಕೆಂಬ ನೆಪ ಹೇಳಿ ಅತ್ತೆಯೇ ಅವನನ್ನೂ ಸೈಕಲ್ಲನ್ನೂ ಚಿತ್ರದುರ್ಗಕ್ಕೆ ಕರೆತಂದಳು. ನಾನು ಅಲ್ಲಿ ಜೊತೆಯಾದೆ. ತಾತನ ಕಾಲದಿಂದ ಸೈಕಲ್ ಅಂಗಡಿ ನಡೆಸುವ ಮನೆಯ ಸಾಹೇಬರೊಬ್ಬರು ಸೈಕಲ್ಲನ್ನು ಸ್ಟ್ಯಾಂಡಿಗೇರಿಸಿ, ಮಾವನನ್ನು ಹತ್ತಿಸಿ, ನಿಂತಲ್ಲೇ ತುಳಿಯಲು ಹೇಳಿದರು. ಸ್ವಲ್ಪ ಹೊತ್ತು ನೋಡಿ ಕೇಳಿದರು.

“ಯಜಮಾನ್ರೆ, ಎಲ್ಲೆಲ್ಲಿ ನೋಯ್ತೈತೆ ಹೇಳ್ರಿ.”

“ಹಿಂದಿನ ಬ್ರೇಕು ಲೂಜು. ಚೈನು ಕಟಕಟ ಅಂತೈತೆ.”

“ಸೈಕಲ್ಲಿಗಲ್ಲ. ನಿಮಗೆ ಎಲ್ಲಿ ನೋಯ್ತೈತೆ?”

ಮಾವ ಪೆಡಲ್ ತುಳಿಯುವುದನ್ನು ನಿಲ್ಲಿಸಿದ. ಡಿಪೋದಲ್ಲಿ ಪ್ರತಿ ದಿನ ಗಾಡಿ ಬಿಡುವಾಗ ಬಸ್ಸಿಗೆ ಏನಾಗಿದೆ ಎಂದು ಕೇಳುತ್ತಿದ್ದರು, ಇವನು ಹೇಳುತ್ತಿದ್ದ. ಇವನಿಗೆ ಏನಾಗಿದೆ ಎಂದು ಕೇಳಿದವರಿರಲಿಲ್ಲ. ಸಾಹೇಬರು ಕಾಯುತ್ತಾ ನಿಂತರು. ಹಿಂದೆ ಸ್ಟೂಲಿನ ಮೇಲೆ ಕುಳಿತಿದ್ದ ಅತ್ತೆ ಮೆಲ್ಲಗೆ ಶುರುಮಾಡಿದಳು.

“ಎಡಗೈ ಕಿರುಬೆರಳು, ಅದರ ಪಕ್ಕದ್ದು ಜೋಮು ಹಿಡೀತಾವೆ. ಕತ್ತು ಬಲಕ್ಕೆ ಪೂರಾ ಹೊರಳ್ತೈತೆ, ಎಡಕ್ಕೆ ಅರ್ಧ. ಎಡ ಮಂಡಿ ಮೆಟ್ಲು ಇಳಿಯುವಾಗ ನೋಯ್ತೈತೆ, ಹತ್ತುವಾಗ ಇಲ್ಲ. ಸೊಂಟದ್ದು ಬೆಳಿಗ್ಗೆ ಜಾಸ್ತಿ. ಬಲ ಹೆಗಲು ಮಳೆ ಬರೋ ಮುಂಚೆ.”

ಮಾವ ಕತ್ತು ತಿರುಗಿಸಿ ನೋಡಲು ಹೋದ. ಅವಳು ಎಡಗಡೆ ಕುಳಿತಿದ್ದಳು, ಅರ್ಧಕ್ಕೇ ನಿಂತಿತು.

“ನಾನ್ ಯಾವತ್ತೂ ಹೇಳಿಲ್ವಲ್ಲೇ ನಿಂಗೆ.”

“ನೀವು ಹೇಳಿಲ್ಲ” ಎಂದಳು ಅತ್ತೆ. “ಎಡಕ್ಕೆ ಮಗ್ಗಲಾದ್ರೆ ಹಲ್ಲು ಕಚ್ತೀರಿ. ಎಷ್ಟು ವರ್ಷದಿಂದ ಪಕ್ಕದಾಗೆ ಮಲಗ್ತೀನಿ ನಾನು.”

ನನ್ನ ಕಣ್ಣು ತುಂಬಿಬಂತು. ಗೋಡೆಗೆ ತೂಗುಹಾಕಿದ್ದ ಟ್ಯೂಬುಗಳನ್ನು ಬಹಳ ಆಸಕ್ತಿಯಿಂದ ನೋಡತೊಡಗಿದೆ. ಸಾಹೇಬರು ಸ್ಪ್ಯಾನರ್ ತೆಗೆದುಕೊಂಡು ಹ್ಯಾಂಡಲ್ಲಿನ ನಟ್ಟು ಸಡಿಲಿಸಿದರು.

“ಎಷ್ಟು ಎತ್ಲಿ ಯಜಮಾನ್ರೆ?”

ಮಾವ ಎರಡೂ ಕೈಯನ್ನು ಹ್ಯಾಂಡಲ್ಲಿನಿಂದ ತೆಗೆದು ತೊಡೆಯ ಮೇಲಿಟ್ಟುಕೊಂಡ.

“ನಂಗೇನು ಗೊತ್ತು” ಎಂದ. “ಅವಳನ್ನ ಕೇಳ್ರಿ.”