ಬಾವಿಕಟ್ಟೆಯ ಗೀರುಗಳ ಸಂರಕ್ಷಣೆ

ನಮ್ಮ ಬೀದಿಯ ಬಾವಿಯಿಂದ ನೀರು ಸೇದುವುದರಿಂದ ಬಾವಿಗೆ ಧಕ್ಕೆಯಾಗುತ್ತಿದೆ ಎಂಬ ಸಂಗತಿಯನ್ನು ಪುರಾತತ್ವ ಇಲಾಖೆಯು ಪತ್ತೆಹಚ್ಚಿತು. ಅಲ್ಲಿಯವರೆಗೆ ಬಾವಿ ಇರುವುದೇ ನೀರಿಗೆ ಎಂಬ ತಪ್ಪು ತಿಳಿವಳಿಕೆಯಲ್ಲಿ ನಾವಿದ್ದೆವು.

ಕಟ್ಟೆಯ ಕಲ್ಲಿನಂಚಿನಲ್ಲಿ ಹಗ್ಗ ಉಜ್ಜಿ ಉಜ್ಜಿ ಬೆರಳಾಳದ ಗೀರುಗಳು ಬಿದ್ದಿವೆ. ತಲೆತಲಾಂತರದಿಂದ ಇಲ್ಲಿ ಹೆಂಗಸರು ನೀರು ಸೇದಿದ್ದಕ್ಕೆ ಇವು ಅಪೂರ್ವ ಸಾಕ್ಷಿ ಎಂದು ಅಧಿಕಾರಿಗಳು ಕನ್ನಡಕ ಒರೆಸಿಕೊಂಡು ಹೇಳಿದರು. ಆದಕಾರಣ ಇನ್ನು ಮುಂದೆ ಯಾವ ಹೆಂಗಸೂ ನೀರು ಸೇದತಕ್ಕದ್ದಲ್ಲ ಎಂದು ಫಲಕ ನೆಡಿಸಿದರು. ಗಂಡಸರ ಬಗ್ಗೆ ಫಲಕದಲ್ಲಿ ಏನೂ ಇರಲಿಲ್ಲ. ಅವರು ಹಿಂದೆಯೂ ಸೇದಿದವರಲ್ಲ ಬಿಡಿ.

ಬಾವಿಯೆದುರಿನ ಮನೆಯ ಸೊಸೆಗೆ ದಿಕ್ಕೇ ತೋಚಲಿಲ್ಲ. ಹಾಸಿಗೆ ಹಿಡಿದ ಅತ್ತೆಗೆ ಆ ಬಾವಿಯದಲ್ಲದೆ ಬೇರೆ ನೀರು ಗಂಟಲಲ್ಲಿ ಇಳಿಯದು. ದಿನಕ್ಕೊಂದು ಕೊಡವಾದರೂ ಬಿಡಿ ಎಂದು ಅಂಗಲಾಚಿದಳು. ಅಧಿಕಾರಿಗಳು ಕರಗಿಹೋದರು. ಪರಂಪರೆಯ ಬಗ್ಗೆ ಸ್ಥಳೀಯರಿಗಿರುವ ಅಭಿಮಾನ ಕಂಡು ಮನತುಂಬಿತು ಎಂದವರೇ ಬಾವಿಯ ಸುತ್ತ ಬೇಲಿ ಹಾಕಿಸಿದರು.

ಮಳೆಗಾಲ ಮುಗಿಯುವಷ್ಟರಲ್ಲಿ ಗೀರುಗಳಲ್ಲಿ ಪಾಚಿ ಕಟ್ಟಿತು. ಹಗ್ಗ ಓಡದೆ ಕಲ್ಲಿನ ಹೊಳಪೇ ಹೋಯಿತಲ್ಲ ಎಂದು ಇಲಾಖೆ ಕಂಗಾಲಾಯಿತು. ಅನುಭವವುಳ್ಳ ಸ್ಥಳೀಯರನ್ನೇ ನೇಮಿಸಬೇಕೆಂದು ನಿರ್ಣಯವಾಗಿ, ಅದೇ ಸೊಸೆಗೆ ಕೆಲಸ ಸಿಕ್ಕಿತು. ಕಚೇರಿ ವೇಳೆಯಲ್ಲಿ ಹಗ್ಗ ಇಳಿಬಿಟ್ಟು ಎಳೆಯುತ್ತಿರಬೇಕು. ಕೊಡ ಕಟ್ಟುವಂತಿಲ್ಲ. ಹಗ್ಗ ಒದ್ದೆಯಾದಲ್ಲಿ ಹಿಂಡಿ, ನೀರನ್ನು ಬಾವಿಗೇ ಜಮಾ ಮಾಡತಕ್ಕದ್ದು.

ಹಾಗಾದರೆ ಜನ ಬಾಯಾರಿ ಸಾಯಬೇಕೇ? ಇಲಾಖೆಯವರೇನು ಅಷ್ಟು ಕಟುಕರಲ್ಲ. ಅಧಿಕಾರಿಗಳ ಭಾಮೈದನ ಟ್ಯಾಂಕರು ಬೀದಿಗೆ ಬರತೊಡಗಿತು. ಅದು ತುಂಬಿಸಿಕೊಳ್ಳುವುದು ಇದೇ ಬಾವಿಯಿಂದ. ಪೈಪು ಗೀರುಗಳನ್ನು ಮುಟ್ಟದೆ ಕಟ್ಟೆಯ ಹಿಂಬದಿಯಿಂದ ಇಳಿಯುವುದರಿಂದ ಪರಂಪರೆಗೆ ಬಾಧೆಯಿಲ್ಲ. ಪೈಪಿಗೆ ದಾರಿ ಮಾಡಲು ಹಿಂಬದಿಯ ಕಟ್ಟೆಯನ್ನು ಒಡೆದದ್ದು ನಿಜ, ಆದರೆ ಅಲ್ಲಿ ಗೀರುಗಳಿರಲಿಲ್ಲ. ಪೈಪು ಇಳಿಸುವಾಗ ಸಿಕ್ಕಿಕೊಳ್ಳದಿರಲಿ ಎಂದು ಸೊಸೆಯೇ ತನ್ನ ಹಗ್ಗವನ್ನು ಪಕ್ಕಕ್ಕೆ ಹಿಡಿದು ನಿಲ್ಲುತ್ತಾಳೆ. ನಾವೂ ಕೊಡ ಹಿಡಿದು ಟ್ಯಾಂಕರಿನ ಹಿಂದೆ ಶಿಸ್ತಾಗಿ ನಿಲ್ಲುತ್ತೇವೆ.

ಟ್ಯಾಂಕರು ಬಂದ ಮೊದಲ ದಿನ ಸಂಜೆ ಸೊಸೆ ಕೊಡ ತುಂಬಿಸಿಕೊಂಡು ಹೋಗಿ ಅತ್ತೆಗೆ ಒಂದು ಲೋಟ ಕೊಟ್ಟಳು. ಒಂದು ಗುಟುಕು ಇಳಿದದ್ದೇ ತಡ, ಅತ್ತೆಯ ಮುಖ ಅರಳಿತು.

"ಇದು ನಮ್ಮ ಬಾವಿ ನೀರಲ್ವೇನೇ?"

ಸೊಸೆ ಹೌದೆನ್ನಲು ಬಾಯಿ ತೆರೆದಳು. ಆದರೇನು ಮಾಡುವುದು, ಅವಳೀಗ ಇಲಾಖೆಯವಳು.

"ಹಾಗೆಲ್ಲ ಅನ್ನಬೇಡಿ ಅತ್ತೆ. ಆ ಬಾವೀಲಿ ಯಾರೂ ನೀರು ತೆಗೆಯೋ ಹಾಗಿಲ್ಲ. ದಿನವಿಡೀ ನಾನೇ ಅಲ್ಲಿ ನಿಂತಿರ್ತೀನಲ್ಲ."

ಅದೂ ಸರಿಯೇ ಎಂದು ಅತ್ತೆ ಒಪ್ಪಿದರು. ಲೋಟ ಚಾಚಿ, ಇನ್ನೊಂದಿಷ್ಟು ಟ್ಯಾಂಕರ್ ನೀರು ಹಾಕು ಎಂದರು.